ಉದುರುವ ಕೂದಲು, ಹೇಳಿಕೊಳ್ಳಲಾಗದ ಚಿಂತೆ

ದೇವಾಲಯದಲ್ಲಿ ಸೆರಗನ್ನು ತಲೆಗೆ ಹೊದ್ದುಕೊಳ್ಳುವುದು ನಮ್ಮ ಹಿರಿಯ ಸ್ತ್ರೀಯರಿಂದ ಬಂದ ರೂಢಿ. ನಮ್ಮ ಧರ್ಮಕೇಂದ್ರದ ಗಾಯನವೃಂದದಲ್ಲಿ ಹಾಡುತ್ತಿದ್ದ ಸಹೋದರಿಯೊಬ್ಬರು ಹಾಡುವುದನ್ನು ಬಿಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳತೊಡಗಿದಾಗ, ಅವರ ಭಕ್ತಿ ಹೆಚ್ಚಿತೆಂದೇ ನಾವು ಭಾವಿಸಿದೆವು. ನಿಜಸಂಗತಿ ಬೇರೆಯಾಗಿತ್ತು. ಕೊಲ್ಲಿ ರಾಷ್ಟ್ರದಲ್ಲಿದ್ದ ಅವರ ಪತಿ ಕೆಲಸ ಕಳೆದುಕೊಂಡು ಮರಳಿದ್ದರು. ಮನೆಸಾಲದ ಕಂತು, ಮಗಳ ಕಾಲೇಜು ಶುಲ್ಕ ಎರಡೂ ತಲೆಯ ಮೇಲಿದ್ದವು. ಅದಾಗಿ ಮೂರು ತಿಂಗಳಾಗುವಷ್ಟರಲ್ಲಿ ಬಾಚಿದಾಗಲೆಲ್ಲ ಕೈತುಂಬ ಕೂದಲು ಬರತೊಡಗಿತ್ತು. ನಾಚಿಕೆಯಿಂದ ಅವರು ಯಾರಿಗೂ ಹೇಳಿರಲಿಲ್ಲ.

ಇಂತಹ ಸಂಕಟ ನಮ್ಮ ಅನೇಕ ಕುಟುಂಬಗಳಲ್ಲಿದೆ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು, ಬಳಿಕ ಉದುರಿ ಹೊಸತಕ್ಕೆ ಎಡೆ ಮಾಡಿಕೊಡುತ್ತದೆ. ದೇಹಕ್ಕಾಗಲಿ ಮನಸ್ಸಿಗಾಗಲಿ ದೊಡ್ಡ ಆಘಾತವಾದಾಗ, ಬೆಳೆಯುತ್ತಿದ್ದ ಬಹಳಷ್ಟು ಕೂದಲುಗಳು ಒಮ್ಮೆಲೇ ವಿಶ್ರಾಂತಿಯ ಹಂತಕ್ಕೆ ಸರಿಯುತ್ತವೆ. ವೈದ್ಯರು ಇದನ್ನು ‘ಟೆಲೋಜೆನ್ ಎಫ್ಲುವಿಯಂ’ ಎನ್ನುತ್ತಾರೆ. ಹೆರಿಗೆ, ಶಸ್ತ್ರಚಿಕಿತ್ಸೆ, ತೀವ್ರ ಜ್ವರಗಳ ನಂತರವೂ ಹೀಗಾಗುತ್ತದೆ. 2020–21ರಲ್ಲಿ ಕೋವಿಡ್‌ನಿಂದ ಗುಣಮುಖರಾದ ಅನೇಕರು ಇದನ್ನು ಅನುಭವಿಸಿದರು. ಆದುದರಿಂದ ಇಂದು ಉದುರುವ ಕೂದಲಿಗೆ ನಿನ್ನೆಯ ಶಾಂಪೂವನ್ನೋ ಕೊಳವೆಬಾವಿಯ ನೀರನ್ನೋ ದೂರುವ ಮೊದಲು, ಎರಡು ಮೂರು ತಿಂಗಳ ಹಿಂದೆ ಮನೆಯಲ್ಲಿ ಏನು ನಡೆಯಿತೆಂದು ನೆನಪಿಸಿಕೊಳ್ಳಬೇಕು.

ಸಮಾಧಾನದ ಸಂಗತಿಯೆಂದರೆ, ಇಲ್ಲಿ ಕೂದಲಿನ ಬೇರು ಸಾಯುವುದಿಲ್ಲ. ಕಾರಣ ದೂರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವಿಕೆ ತಗ್ಗುತ್ತದೆ. ಆದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್ ಮಾತ್ರ. ಹಳೆಯ ಜಡೆ ಕಾಣಲು ತಾಳ್ಮೆ ಬೇಕು. ಅಷ್ಟರೊಳಗೆ ಜಾಹೀರಾತಿನ ಎಣ್ಣೆಗಳಿಗೆ ಹಣ ಸುರಿಯುವುದಕ್ಕಿಂತ ವೈದ್ಯರನ್ನು ಕಾಣುವುದು ಲೇಸು. ರಕ್ತಹೀನತೆಯೂ ಥೈರಾಯ್ಡ್ ತೊಂದರೆಯೂ ಕೂದಲುದುರಿಸುತ್ತವೆ. ರಕ್ತಪರೀಕ್ಷೆಯಿಂದ ಅವು ತಿಳಿಯುತ್ತವೆ. ನಾಣ್ಯದಂತೆ ದುಂಡಗೆ ಕೂದಲು ಹೋಗುವುದು ಬೇರೆಯೇ ಕಾಯಿಲೆ. ಇನ್ನು ಪರೀಕ್ಷೆಯ ಭಯಕ್ಕೋ ಮನೆಯ ಜಗಳಕ್ಕೋ ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವ ಮಗುವಿಗೆ ಬೇಕಾದುದು ಏಟಲ್ಲ, ಆಪ್ತಸಲಹೆ.

ಔಷಧಿಗಿಂತ ಮೊದಲು ನಾವು ತಿದ್ದಿಕೊಳ್ಳಬೇಕಾದುದು ನಮ್ಮ ನಾಲಗೆಯನ್ನು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ವಧುವಿನ ತಲೆಗೆ ತೆಂಗಿನ ಹಾಲು ಹಚ್ಚುವಾಗ, “ಇದೇನು, ಕೂದಲೇ ಇಲ್ಲವಲ್ಲ!” ಎಂದು ಹತ್ತು ಜನರ ಮುಂದೆ ನಗುವವರಿದ್ದಾರೆ. ಆಡಿದವರು ಮರೆಯುತ್ತಾರೆ, ಕೇಳಿದವಳು ಆ ರಾತ್ರಿ ನಿದ್ರಿಸುವುದಿಲ್ಲ. ಚಿಂತೆಯಿಂದ ಕೂದಲುದುರಿ, ಅದನ್ನು ಕಂಡು ಚಿಂತೆ ಇಮ್ಮಡಿಯಾಗುವ ಈ ಸುಳಿಗೆ ನಮ್ಮ ಮಾತೂ ನೀರೆರೆಯುತ್ತದೆ.

ವೇಲಾಂಕಣಿಯಲ್ಲಿ ಹರಕೆ ಹೊತ್ತು ಮುಡಿ ಕೊಡುವವರು ಸಂತೋಷದಿಂದ ಕೊಡುತ್ತಾರೆ. ಕೇಳದೆಯೇ ಕಳೆದುಹೋದ ಕೂದಲಿನ ನೋವು ಅಂತಹುದಲ್ಲ. ಅದನ್ನು ದೇವರು ಕೊಟ್ಟ ಶಿಕ್ಷೆಯೆಂದು ಯಾರೂ ಬಗೆಯಬಾರದು. ನಮ್ಮ ತಲೆಗೂದಲುಗಳೂ ಎಣಿಕೆಯಾಗಿವೆಯೆಂದು ಯೇಸುಸ್ವಾಮಿ ಹೇಳಿದುದು ಅಂಜಿಕೆಯ ದಾರಿಗೆ ಶಿಷ್ಯರನ್ನು ಕಳುಹಿಸುವಾಗ. ಒಂದು ಕೂದಲೂ ಉದುರದೆಂಬ ಭರವಸೆ ಅದಲ್ಲ; ನಮ್ಮ ಅತಿ ಸಣ್ಣ ನಷ್ಟವೂ ತಂದೆಯ ಗಮನಕ್ಕೆ ಬಾರದಿರದು ಎಂಬ ಸಾಂತ್ವನ. ಆ ಗಮನವನ್ನು ನಾವು ಒಬ್ಬರಿಗೊಬ್ಬರು ತೋರಬೇಕಲ್ಲವೇ? ಸಂಜೆಯ ಜಪಸರ ಮುಗಿದ ಮೇಲೆ ಟಿ.ವಿ. ಹಾಕುವ ಮೊದಲು ಹತ್ತು ನಿಮಿಷ ಕುಳಿತು, ಮನೆಯವರ ಮನಸ್ಸಿನ ಭಾರವನ್ನು ಕೇಳೋಣ.

ಆ ಸಹೋದರಿಯ ಮನೆಗೆ ಗಾಯನವೃಂದದ ಗೆಳತಿಯೊಬ್ಬರು ಒಂದು ಸಂಜೆ ಹೋದರು. ಕೂದಲಿನ ಮಾತೆತ್ತಲಿಲ್ಲ, “ನೀವಿಲ್ಲದೆ ಹಾಡು ಸೊರಗಿದೆ” ಎಂದಷ್ಟೇ ಹೇಳಿದರು. ಅಂದು ಆಕೆ ಮನಬಿಚ್ಚಿ ಅತ್ತರು. ಮರುವಾರ ವೈದ್ಯರನ್ನು ಕಂಡರು. ಕೂದಲು ಇನ್ನೂ ಪೂರ್ತಿ ಮರಳಿಲ್ಲ. ಆದರೆ ಅವರ ಕಂಠ ಮಾತ್ರ ಗಾಯನವೃಂದಕ್ಕೆ ಮರಳಿದೆ.