ಮುಪ್ಪಿನ ನಿಶ್ಶಕ್ತಿಗೆ ಟಾನಿಕ್ ಸಾಕೆ?

ಎಪ್ಪತ್ತು ದಾಟಿದ ತಂದೆ ಗದ್ದೆಗೆ ಹೊರಟರೆ ಸನವಳ್ಳಿಯಂಥ ಊರುಗಳಲ್ಲಿ ಮಕ್ಕಳು ತಡೆಯುತ್ತಾರೆ: "ಅಪ್ಪಾ, ದುಡಿದದ್ದು ಸಾಕು, ಇನ್ನು ಕೂತಿರಿ." ಪ್ರೀತಿಯ ಮಾತೇ. ಆದರೆ ಸುಮ್ಮನೆ ಕೂತವರ ಕಾಲಿನ ಸ್ನಾಯುಗಳು ಬೇಗ ಸೊರಗುತ್ತವೆ.

ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಆಯಾಸ, ಸಡಿಲವಾದ ಕೈಹಿಡಿತ, ನಿಧಾನ ನಡಿಗೆ, ಕುಗ್ಗಿದ ಓಡಾಟ. ಈ ಐದರಲ್ಲಿ ಮೂರು ಕಂಡರೆ ಅದು ಬರೀ ವಯಸ್ಸಲ್ಲ, ಮುಪ್ಪಿನ ದುರ್ಬಲತೆ. ಅಮೆರಿಕದ ಡಾ. ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಲೆಕ್ಕವಿದು. ಇಂಥವರು ಒಮ್ಮೆ ಬಿದ್ದರೆ, ಜ್ವರದಿಂದ ಮಲಗಿದರೆ ಚೇತರಿಸಿಕೊಳ್ಳುವುದು ಕಷ್ಟ.

ಮನೆಯಲ್ಲೇ ಪರೀಕ್ಷಿಸಬಹುದು. ಎದೆಯ ಮೇಲೆ ಕೈಕಟ್ಟಿಕೊಂಡು, ಗೋಡೆಗೊರಗಿಸಿದ ಕುರ್ಚಿಯಿಂದ ಐದು ಸಲ ಎದ್ದು ಕೂರಲಿ, ಪಕ್ಕದಲ್ಲೊಬ್ಬರು ನಿಂತಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿರಬಹುದು.

"ಡಾಕ್ಟರೇ, ಒಂದು ಟಾನಿಕ್ ಬರೆಯಿರಿ" ಎನ್ನುವವರೇ ಹೆಚ್ಚು. ಬಾಸ್ಟನ್ನಿನ ವೃದ್ಧಾಶ್ರಮವೊಂದರ 100 ಹಿರಿಯರ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87! ಹತ್ತು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ಇಮ್ಮಡಿಗೂ ಮಿಕ್ಕಿತು. ಪೌಷ್ಟಿಕ ಪೇಯವನ್ನಷ್ಟೇ ಕುಡಿದವರಿಗೆ ಲಾಭ ಕಾಣಲಿಲ್ಲ.

ಆ ಕುರ್ಚಿಯ ಪರೀಕ್ಷೆಯನ್ನೇ ವ್ಯಾಯಾಮ ಮಾಡಿಕೊಳ್ಳಿ. ದಿನಕ್ಕೆರಡು ಹೊತ್ತು, ಎಂಟು ಹತ್ತು ಸಲ. ಮೊದಮೊದಲು ಕೈಯೂರಿದರೂ ಸರಿಯೆ. ಅನ್ನ-ಸಾರಷ್ಟೇ ಸಾಲದು, ಬೇಳೆ, ಮೊಳಕೆಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು ಇರಲಿ. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಿ. ತೂಕ ತಾನಾಗಿ ಇಳಿಯುತ್ತಿದ್ದರಂತೂ ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್ ಪರೀಕ್ಷೆಗಳನ್ನು ಮುಂದೂಡಬೇಡಿ.