ನಾಲ್ಕೂ ಗಾಲಿ ಎಳೆಯುವ ಬಂಡಿಗೆ ಯಾವ ಎಣ್ಣೆ?

ಎಣ್ಣೆ ಎಂಬ ಮಾತನ್ನು ಬಿಡಿಸಿ ನೋಡಿದರೆ ಎಳ್, ನೆಯ್ ಎಂಬ ಎರಡು ಮಾತುಗಳು ಸಿಕ್ಕುತ್ತವೆ. ಎಳ್ಳಿನಿಂದ ಬಂದ ಜಿಡ್ಡು ಎಂದು ಅರ್ಥ. ತಿಲದಿಂದ ಬಂದುದು ತೈಲ. ಅಂದಮೇಲೆ ಸಂಸ್ಕೃತದವರೂ ನಾವೂ ಎಳ್ಳೆಣ್ಣೆಯೊಂದಕ್ಕೇ ಇಟ್ಟ ಹೆಸರನ್ನು ಆಮೇಲೆ ಕೊಬ್ಬರಿಗೆ, ಹರಳಿಗೆ, ಹೊಂಗೆಗೆ, ಕಡೆಗೆ ನೆಲದಡಿಯಿಂದ ಬಂದ ಸೀಮೆಎಣ್ಣೆಗೂ ಅಂಟಿಸಿಬಿಟ್ಟೆವು. ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದಾಗಲಿಲ್ಲವೆಂಬುದು ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಹರಳೆಣ್ಣೆಯಲ್ಲಿ ಯಾರೂ ಹಪ್ಪಳ ಕರಿಯುವುದಿಲ್ಲ. ಮೋಟಾರು ಬಂಡಿಯ ಕೆಳಗೆ ಬಗ್ಗಿದಾಗ ಮಾತ್ರ ಈ ವಿವೇಕ ಮರೆತುಹೋಗುತ್ತದೆ. ‘ಆಯಿಲ್ ಹಾಕಿಸಿದೆ’ ಎಂದರೆ ಮುಗಿಯಿತು, ಯಾವ ಆಯಿಲ್ ಎಂದು ಕೇಳುವವರು ಕಡಮೆ.

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಗಳ ಕಡೆ ನಾಲ್ಕೂ ಗಾಲಿಗೆ ಬಲ ಹೋಗುವ ಬಂಡಿ ಹೊಸದಲ್ಲ. 1941ರಲ್ಲಿ ಯುದ್ಧಕ್ಕೆಂದು ಹುಟ್ಟಿದ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರ ಸಂತತಿ ನಮ್ಮ ಕಾಫಿ ತೋಟಗಳಲ್ಲಿ ಇಂದಿಗೂ ಏರು ಹತ್ತುತ್ತಿದೆ. ಈಗ ಅದರ ಜೊತೆಗೆ ಹಿಂದೆ ತೊಟ್ಟಿಯಿರುವ ಪಿಕಪ್‌ಗಳು ಬಂದಿವೆ. ಆಷಾಢದ ಮಳೆಯಲ್ಲಿ ತೋಟದ ಲೈನಿನಿಂದ ಬಸುರಿ ಹೆಂಗಸನ್ನು ತಾಲ್ಲೂಕು ಆಸ್ಪತ್ರೆಗೆ ಇಳಿಸಬೇಕಾದರೆ ಆ ಕೆಸರಿನಲ್ಲಿ ಬರುವ ಬಂಡಿ ಅದೊಂದೇ. ಅದರ ಹೊಟ್ಟೆಯಡಿಯಲ್ಲಿ ಒಂದು ಪೆಟ್ಟಿಗೆಯುಂಟು, ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಬಂದ ಬಲ ಈ ಪೆಟ್ಟಿಗೆಯನ್ನು ಹೊಕ್ಕು, ಒಂದು ಪಾಲು ಹಿಂದಿನ ಗಾಲಿಗಳಿಗೂ, ಬೇಕೆಂದಾಗ ಇನ್ನೊಂದು ಪಾಲು ಮುಂದಿನ ಗಾಲಿಗಳಿಗೂ ಹೋಗುತ್ತದೆ. ಇಂಥ ಬಂಡಿಗಳಲ್ಲಿ ಬರಿಯ ಹಿಂದಿನ ಗಾಲಿಗಳ ಮೇಲೆ ಹೋಗುವಾಗಲೂ ಬಲ ಇದರ ಮೂಲಕವೇ ಹಾಯಬೇಕು. ಆದುದರಿಂದ ಇದು ಕೆಟ್ಟರೆ ಎಂಜಿನ್ ಗಟ್ಟಿಮುಟ್ಟಾಗಿ ಗುಡುಗುತ್ತಿದ್ದರೂ ಬಂಡಿ ನಿಂತಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಒಳಗೇ ಕಚ್ಚಿಕೊಂಡರಂತೂ ಗಾಲಿಗಳು ತಟಕ್ಕನೆ ಬಿಗಿದುಕೊಳ್ಳಬಹುದು. ಘಾಟಿಯ ತಿರುವಿನಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಪೆಟ್ಟಿಗೆ ಕುಡಿಯುವ ಎಣ್ಣೆಯಾದರೋ ಸಾಮಾನ್ಯವಾಗಿ ಒಂದೆರಡು ಲೀಟರು ಮಾತ್ರ.

ಯಾವ ಎಣ್ಣೆ ಎಂಬುದು ಒಳಗೆ ಬಲ ಹೇಗೆ ದಾಟುತ್ತದೆಂಬುದನ್ನು ಅವಲಂಬಿಸಿದೆ. ಹಳೆಯ ಕ್ರಮದಲ್ಲಿ ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟುತ್ತದೆ. ಹಳೆಯ ಜೀಪುಗಳ ಸ್ಪೈಸರ್ 18, ಅಮೆರಿಕದ ಭಾರಿ ಪಿಕಪ್‌ಗಳಲ್ಲಿದ್ದ ಎರಕದ ಕಬ್ಬಿಣದ ನ್ಯೂ ಪ್ರೋಸೆಸ್ 205 ಈ ಜಾತಿಯವು. ಇವುಗಳಲ್ಲಿ ಪಂಪು ಇಲ್ಲ. ಕೆಳಗಿನ ಚಕ್ರ ಎಣ್ಣೆಯಲ್ಲಿ ಮುಳುಗಿ ತಿರುಗುತ್ತ ಅದನ್ನು ಮೇಲಕ್ಕೆ ಎರಚುತ್ತದೆ. ಒಂದು ಹಲ್ಲು ಇನ್ನೊಂದರ ಮೇಲೆ ಒತ್ತಿ ಜಾರುವಾಗ ನಡುವೆ ಹರಿಯದ ಪೊರೆಯೊಂದು ಬೇಕು; ಅದಕ್ಕೆ ದಪ್ಪನೆಯ ಗೇರ್ ಆಯಿಲ್, ಸಾಮಾನ್ಯವಾಗಿ 80-90ರದು. ನಮ್ಮ ಎತ್ತಿನ ಗಾಡಿಯವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದುದೂ ಇದೇ ಕಾರಣಕ್ಕೆ. ತೆಳ್ಳನೆಯದು ಅಚ್ಚಿನ ಮೇಲೆ ನಿಲ್ಲದು.

ಈ 90 ಎಂಬ ಅಂಕಿಯನ್ನು ಕಂಡು ಎಂಜಿನ್ ಆಯಿಲಿನ 40ಕ್ಕಿಂತ ಇದು ಎರಡು ಪಟ್ಟು ಗಟ್ಟಿಯೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಇವೆರಡೂ ಬೇರೆ ಬೇರೆ ಅಳತೆಗೋಲುಗಳು. ಸೇರಿನಲ್ಲಿ ಅಳೆದುದನ್ನು ಗಜದಲ್ಲಿ ಅಳೆದುದರೊಡನೆ ಹೋಲಿಸಬಾರದಷ್ಟೆ. ಕಾದಾಗ ಗೇರ್ ಆಯಿಲಿನ 90, ಎಂಜಿನ್ ಆಯಿಲಿನ 40 ಅಥವಾ 50ರಷ್ಟೇ ಸಾಂದ್ರವಾಗಿರುತ್ತದೆ.

ಡಬ್ಬಿಯ ಮೇಲೆ ಜಿ.ಎಲ್.-4, ಜಿ.ಎಲ್.-5 ಎಂದು ಇನ್ನೊಂದು ಗುರುತು ಇರುತ್ತದೆ. ಐದು ನಾಲ್ಕಕ್ಕಿಂತ ದೊಡ್ಡದು, ಆದುದರಿಂದ ಉತ್ತಮ ಎಂದು ಅಂಗಡಿಯವನು ಹೇಳಬಹುದು. ಇದು ಪರೀಕ್ಷೆಯ ದರ್ಜೆಯಲ್ಲ. ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್ಲಿನಲ್ಲಿ ಹಲ್ಲುಗಳು ಬಹಳ ಉಜ್ಜಿಕೊಳ್ಳುವುದರಿಂದ ಅಲ್ಲಿಗೆಂದು ಗಂಧಕ, ರಂಜಕಗಳನ್ನು ಹೆಚ್ಚಾಗಿ ಬೆರೆಸಿದುದು ಜಿ.ಎಲ್.-5. ಆ ಗಂಧಕ ಉಕ್ಕಿಗೆ ರಕ್ಷೆ. ಹಿತ್ತಾಳೆ, ಕಂಚುಗಳನ್ನು ಮಾತ್ರ ಕೆಲವು ಬಗೆಯ ಮಿಶ್ರಣಗಳಲ್ಲಿ ಬಿಸಿಯಾದಾಗ ತಿಂದುಹಾಕುತ್ತದೆ. ಹಳೆಯ ವಿಲ್ಲಿಸ್ ಜೀಪಿನಲ್ಲಿ ಗೇರ್ ಬಾಕ್ಸಿಗೂ ಈ ಪೆಟ್ಟಿಗೆಗೂ ನಡುವೆ ಎಣ್ಣೆ ಹರಿದಾಡುತ್ತದೆ, ಗೇರ್ ಬಾಕ್ಸಿನೊಳಗೆ ಹಳದಿ ಲೋಹದ ಉಂಗುರಗಳುಂಟು. ಅಲ್ಲಿಗೆ ಜಿ.ಎಲ್.-4 ಲೇಸು. ಹಳೆಯ ಜೀಪು ಇಟ್ಟುಕೊಂಡವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಎರಡನೆಯ ಜಾತಿಯಲ್ಲಿ ಮುಂದಿನ ಗಾಲಿಗಳಿಗೆ ಬಲ ದಾಟುವುದು ಸರಪಣಿಯಿಂದ. ಅಲ್ಯೂಮಿನಿಯಮ್ ಪೆಟ್ಟಿಗೆ, ಹಗುರ, ಸದ್ದು ಕಡಮೆ. ಅಮೆರಿಕದ ಜೀಪುಗಳ ನ್ಯೂ ಪ್ರೋಸೆಸ್ 231 ಇದಕ್ಕೆ ಹೆಸರಾದ ಉದಾಹರಣೆ. ಅದರ ತಗ್ಗು ಗೇರಿನಲ್ಲಿ ವೇಗ 2.72 ಪಟ್ಟು ಇಳಿದು ಎಳೆತ ಅಷ್ಟೇ ಏರುತ್ತದೆ. ಇದರೊಳಗೆ ಒಂದು ಚಿಕ್ಕ ಪಂಪು ತಳದ ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ, ಶಾಫ್ಟಿನ ಸಣ್ಣ ರಂಧ್ರಗಳಿಂದ ಬೇರಿಂಗುಗಳಿಗೆ ಊಡುತ್ತದೆ. ಇಲ್ಲಿಗೆ ಬೇಕಾದುದು ತೆಳುವಾದ ಎಣ್ಣೆ: ತಾನೇ ಗೇರು ಬದಲಿಸಿಕೊಳ್ಳುವ ಕಾರುಗಳಿಗೆ ಹಾಕುವ ಕೆಂಪು ಬಣ್ಣದ ಎ.ಟಿ.ಎಫ್. ನೀರು ಕುದಿಯುವ ಶಾಖದಲ್ಲಿ ಇದರ ಸಾಂದ್ರತೆ ಸುಮಾರು 7 ಸೆಂಟಿಸ್ಟೋಕ್. 80-90ರ ಗೇರ್ ಆಯಿಲಿನದು 14ಕ್ಕೂ ಮೇಲೆ. 40 ಡಿಗ್ರಿಯಲ್ಲಾದರೆ ಅಂತರ ಸುಮಾರು ನಾಲ್ಕು ಪಟ್ಟಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಪಿಕಪ್ ಇಟ್ಟುಕೊಂಡಿದ್ದಾನೆ. ‘ಬೆಟ್ಟದ ಬಂಡಿಗೆ ಗಟ್ಟಿ ಎಣ್ಣೆಯೇ ಸರಿ’ ಎಂದು ಮೆಕ್ಯಾನಿಕ್ ಒಬ್ಬ ಅದಕ್ಕೆ ಗೇರ್ ಆಯಿಲ್ ಸುರಿದ. ಕೇಳಲು ಎಷ್ಟು ಸಮಂಜಸವಾಗಿದೆ! ಚಳಿಯ ಬೆಳಗಿನಲ್ಲಿ ಆ ಪಂಪು ಜೇನಿನಂಥ ಎಣ್ಣೆಯನ್ನು ಹೀರಲಾರದೆ ಒದ್ದಾಡಿತು. ಕೆಳಗೆ ಎಣ್ಣೆ ತುಂಬಿದ್ದರೂ ಮೇಲಿನ ಬೇರಿಂಗುಗಳು ಬಾಯಾರಿದುವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೊರಗುವ ಸದ್ದು ಎದ್ದಿತು. ಬಿಚ್ಚಿದಾಗ ಹಿಂಬದಿಯ ಬೇರಿಂಗು ಕಾದು ನೀಲಿಗಟ್ಟಿತ್ತು. ಪುಣ್ಯಕ್ಕೆ ಅದು ಸದ್ದು ಮಾಡಿ ಹೇಳಿತು.

ಎ.ಟಿ.ಎಫ್. ವಿಷಯದಲ್ಲಿ ಒಂದು ಮಾತು ಪಕ್ಕಕ್ಕೆ ಸರಿದು ಹೇಳಬೇಕು. 1970ರ ದಶಕದ ಮೊದಲವರೆಗೆ ಈ ಎಣ್ಣೆಯಲ್ಲಿ ತಿಮಿಂಗಿಲದ ತಲೆಯಿಂದ ತೆಗೆದ ತೈಲವನ್ನು ಬೆರೆಸುತ್ತಿದ್ದರು, ಜಾರುವ ಫಲಕಗಳು ನಯವಾಗಿ ಹಿಡಿಯಲೆಂದು. ಅಮೆರಿಕದವರು ಆ ಪ್ರಾಣಿಯನ್ನು ಕಾಪಾಡುವ ಕಾನೂನು ಮಾಡಿದ ಮೇಲೆ ರಸಾಯನಜ್ಞರು ಬದಲಿ ಹುಡುಕಬೇಕಾಯಿತು. ಎಳ್ಳಿನಿಂದ ತಿಮಿಂಗಿಲದವರೆಗೆ ಎಣ್ಣೆಯ ಕಥೆ ದೊಡ್ಡದೇ.

ಹಲ್ಲಿಗೆ ದಪ್ಪ, ಸರಪಣಿಗೆ ತೆಳು ಎಂದು ಸೂತ್ರ ಕಟ್ಟಿಬಿಡೋಣವೆಂದರೆ ಅಪವಾದಗಳು ಅಡ್ಡ ಬರುತ್ತವೆ, ವ್ಯಾಕರಣದಂತೆಯೇ ಇದೂ. 1973ರಿಂದ ಕೆಲವು ವರ್ಷ ಅಮೆರಿಕದ ಟ್ರಕ್ಕುಗಳಲ್ಲಿದ್ದ ನ್ಯೂ ಪ್ರೋಸೆಸ್ 203ರಲ್ಲಿ ಸರಪಣಿಯಿತ್ತು, ಆದರೆ ತಯಾರಕರು ಹೇಳಿದ್ದು ಎಂಜಿನ್ ಆಯಿಲ್! ಮೂರನೆಯ ಜಾತಿ ಇನ್ನೂ ಸೂಕ್ಷ್ಮ. ಅದರಲ್ಲಿ ಹಿಂದಿನ ಗಾಲಿ ಜಾರಿದೊಡನೆ ತಾನಾಗಿಯೇ ಒತ್ತಿಕೊಂಡು ಮುಂದಿನ ಗಾಲಿಗೆ ಬಲ ಕೊಡುವ ಕ್ಲಚ್ ಫಲಕಗಳಿರುತ್ತವೆ. ಅಲ್ಲಿ ಎಣ್ಣೆ ಬರಿಯ ಜಾರಿಸಿದರೆ ಸಾಲದು, ಹಿಡಿಯುವುದಕ್ಕೂ ಬಿಡಬೇಕು. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದು, ಗೆಳೆತನವೂ ಹೌದು. ಇಲ್ಲಿ ಎರಡೂ ಅರ್ಥ ಸಲ್ಲುತ್ತದೆ. 1999ರ ಮಾದರಿಯ ಷೆವರ್ಲೆ ಸಿಲ್ವರಾಡೊ ಪಿಕಪ್‌ನಲ್ಲಿ ಇಂಥ ಪೆಟ್ಟಿಗೆಯುಂಟು, ಅದಕ್ಕೆಂದೇ ನೀಲಿ ಬಣ್ಣದ ಬೇರೆ ಎಣ್ಣೆ. ಅದೇ ಬಂಡಿಯನ್ನು ಸನ್ನೆಗೋಲಿನ ಪೆಟ್ಟಿಗೆಯೊಡನೆ ಕೊಂಡವರಿಗೆ ಕೆಂಪು ಎ.ಟಿ.ಎಫ್. ಒಂದೇ ಹೆಸರು, ಒಂದೇ ವರ್ಷ, ಎರಡು ಎಣ್ಣೆ. ಕೆಂಪನ್ನು ನೀಲಿಯ ಜಾಗಕ್ಕೆ ಸುರಿದರೆ ತಿರುವಿನಲ್ಲಿ ಬಂಡಿ ನಡುಗುತ್ತದೆ, ಫಲಕಗಳು ಸವೆಯುತ್ತವೆ.

ಆದುದರಿಂದ ಅಂಗಡಿಯಲ್ಲಿ ಬಂಡಿಯ ಹೆಸರನ್ನಷ್ಟೇ ಹೇಳಿ ಎಣ್ಣೆ ಕೇಳಬೇಡಿ. ಬಂಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಟ್ರಾನ್ಸ್‌ಫರ್ ಕೇಸಿನ ಸಾಲನ್ನು ಬೇರೆಯಾಗಿ ನೋಡಿ. ಗೇರ್ ಬಾಕ್ಸಿನ ಸಾಲು ಅದಲ್ಲ, ಡಿಫರೆನ್ಷಿಯಲ್ಲಿನದೂ ಅಲ್ಲ. ಪುಸ್ತಕ ಕಳೆದಿದ್ದರೆ ಅನೇಕ ಪೆಟ್ಟಿಗೆಗಳ ಬೆನ್ನಿಗೇ ಜಾತಿ, ಸಂಖ್ಯೆ ಕೊರೆದ ಬಿಲ್ಲೆ ಇರುತ್ತದೆ. ಕೆಸರು ಒರೆಸಿ ಓದಿಕೊಂಡು ಕಂಪನಿಯವರನ್ನು ವಿಚಾರಿಸಬಹುದು. ಒಳಗಿಂದ ಇಳಿದ ಎಣ್ಣೆಯ ಬಣ್ಣ ನೋಡಿ ನಿರ್ಧರಿಸುವುದು ಸರಿಯಲ್ಲ. ಬಣ್ಣ ತಯಾರಕನು ಹಾಕಿದ್ದು. ಹಿಂದಿನವನು ತಪ್ಪು ಎಣ್ಣೆ ಹಾಕಿದ್ದರೆ ನೀವೂ ಅದನ್ನೇ ಮುಂದುವರಿಸಿದಂತಾಗುತ್ತದೆ.

ಬದಲಿಸುವಾಗ ಬಂಡಿ ಸಮನಾದ ನೆಲದಲ್ಲಿರಲಿ, ಸ್ವಲ್ಪ ಓಡಿ ಬಿಸಿಯಾಗಿರಲಿ. ಪೆಟ್ಟಿಗೆಗೆ ಎರಡು ತಿರುಪುಗಳು: ಮೇಲಿನದು ತುಂಬುವುದಕ್ಕೆ, ಕೆಳಗಿನದು ಬಸಿಯುವುದಕ್ಕೆ. ಮೊದಲು ಮೇಲಿನದನ್ನು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಹರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದೆ ಹೋದರೆ ಬಂಡಿ ಅಲ್ಲೇ ಒಣಗಬೇಕಾಗುತ್ತದೆ. ಹೊಸದನ್ನು ಮೇಲಿನ ತೂತಿನ ಕೆಳತುಟಿಗೆ ಬರುವ ತನಕ ತುಂಬಿದರೆ ಸಾಮಾನ್ಯವಾಗಿ ಸಾಕು. ಮುಂದೊಂದು ದಿನ ಪರೀಕ್ಷಿಸುವಾಗ ಆ ತೂತಿನಿಂದ ಎಣ್ಣೆ ತಾನಾಗಿ ಹೊರಕ್ಕೆ ಸುರಿದರೆ ಹಿಗ್ಗಬೇಡಿ. ಪಕ್ಕದ ಗೇರ್ ಬಾಕ್ಸಿನ ಮಟ್ಟ ನೋಡಿ. ನಡುವಿನ ಸೀಲು ಸವೆದು ಅಲ್ಲಿಯ ಎಣ್ಣೆ ಇಲ್ಲಿಗೆ ಬರುತ್ತಿರಬಹುದು.

ಎಣ್ಣೆಯ ಮೇಲೆ ಸುಳ್ಳು ಅಪವಾದ ಬರುವ ಸಂದರ್ಭವೊಂದುಂಟು. ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕೂ ಗಾಲಿ ಹಾಕಿಕೊಂಡು ತಿರುಗಿಸಿದರೆ ಹೆಚ್ಚಿನ ಪಿಕಪ್‌ಗಳು ಮುಗ್ಗರಿಸುತ್ತವೆ, ಸನ್ನೆ ಬಿಗಿಯಾಗುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಉರುಳಬೇಕು, ಪೆಟ್ಟಿಗೆ ಅದಕ್ಕೆ ಎಡೆಗೊಡುವುದಿಲ್ಲ. ಕೆಸರಾದರೆ ಗಾಲಿ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಇಲ್ಲ. ಇದಕ್ಕೆ ಎಣ್ಣೆ ಬದಲಿಸಿ ಫಲವಿಲ್ಲ, ನಾಲ್ಕು ಗಾಲಿಯಿಂದ ಎರಡಕ್ಕೆ ಬಂದರೆ ಸಾಕು.

ಹಳ್ಳ ದಾಟಿದ ಬಂಡಿಯ ಮಾತು ಬೇರೆ. ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಸೆಳೆದುಕೊಳ್ಳುತ್ತದೆ. ಮಾರನೆಯ ದಿನ ಮೇಲಿನ ತಿರುಪು ಬಿಚ್ಚಿ ಬೆರಳು ಹಾಕಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಪುಸ್ತಕದಲ್ಲಿ ಹೇಳಿದ ಅವಧಿಗೆ ಕಾಯಬೇಡಿ. ಪೂರ್ತಿ ಬಸಿದು, ಅದೇ ಜಾತಿಯ ಹೊಸ ಎಣ್ಣೆ ತುಂಬಿ, ಹತ್ತಿಪ್ಪತ್ತು ಮೈಲಿ ಓಡಿಸಿ, ಅದನ್ನೂ ಬಸಿದು ಮತ್ತೆ ತುಂಬಿ.