ಹೊಟ್ಟೆಯ ಜೀವಾಣು, ಕೈಯ ನಡುಕ

ನಮ್ಮ ಕೊಡಂಗಲ್, ತಾಂಡೂರು ಕಡೆ ಮುದುಕರ ಕೈ ನಡುಗಿದ್ರ ‘ವಯಸ್ಸಾತು’ ಅಂತೀವಿ, ಮಾತು ಅಲ್ಲಿಗೇ ಮುಗೀತದ. ಕೆಲವೊಮ್ಮೆ ಅದು ಪಾರ್ಕಿನ್ಸನ್ ಕಾಯಿಲೆ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುತ್ತಿರುತ್ತವೆ. ಆದರೆ ಅನೇಕರಿಗೆ ನಡುಕಕ್ಕಿಂತ ವರ್ಷಗಳ ಮೊದಲೇ ಮಲಬದ್ಧತೆ ಇರುತ್ತದೆ.

ರೋಗ ಕರುಳಿನಲ್ಲಿ ಶುರುವಾಗಿ ವೇಗಸ್ ನರದ ಹಾದಿಯಲ್ಲಿ ಮಿದುಳಿಗೆ ಏರುತ್ತಿರಬಹುದೆಂದು 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಊಹಿಸಿದರು. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಇಂಥ ರೋಗಲಕ್ಷಣ ಬರುವ ಇಲಿಗಳನ್ನು ಕರುಳ ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದಾಗ ಚಲನೆಯ ತೊಂದರೆ ಕಡಿಮೆಯಾಯಿತು. ರೋಗಿಗಳ ಬ್ಯಾಕ್ಟೀರಿಯಾ ಸೇರಿಸಿದಾಗ ಹೆಚ್ಚಿತು. ಇಲಿಗೆ ಆದದ್ದು ಮನುಷ್ಯರಿಗೂ ಆಗಬೇಕೆಂದೇನಿಲ್ಲ.

ಔಷಧದ ವಿಷಯ ಇನ್ನಷ್ಟು ಸ್ಪಷ್ಟ. ಲೆವೊಡೋಪಾ ನಮ್ಮ ನಸುಗುನ್ನಿ ಬೀಜದಲ್ಲೂ ಇದೆ. ಅದು ಮಿದುಳು ಸೇರಿದ ಮೇಲೆ ಡೋಪಮೈನ್ ಆಗಬೇಕು. ಎಂಟರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲೇ ಅದನ್ನು ಡೋಪಮೈನ್ ಮಾಡಿಬಿಡಬಲ್ಲದೆಂದು 2019ರಲ್ಲಿ ತೋರಿಸಿದರು. ಹಾಗಾದ ಡೋಪಮೈನ್ ಮಿದುಳಿನೊಳಗೆ ಹೋಗದು. ಒಂದೇ ಗುಳಿಗೆ ಒಬ್ಬರಿಗೆ ಹತ್ತಿ, ಇನ್ನೊಬ್ಬರಿಗೆ ಹತ್ತದಿರಲು ಇದೂ ಕಾರಣವಿರಬಹುದು.

‘ಹೊಟ್ಟೆಕಿಚ್ಚು’ ಅನ್ನುವ ಕನ್ನಡ ಮನಸ್ಸನ್ನು ಹೊಟ್ಟೆಯಲ್ಲೇ ಇಟ್ಟಿದೆ. ಅದು ಪುರಾವೆಯಲ್ಲ. ಆದರೆ ಕೈ ನಡುಗುವ ಹಿರಿಯರನ್ನು ‘ಹೊಟ್ಟಿ ಹೆಂಗದ?’ ಅಂತ ಕೇಳಿ, ನರರೋಗ ವೈದ್ಯರ ಹತ್ತಿರ ಕರ್ಕೊಂಡು ಹೋಗೋಣ. ‘ವಯಸ್ಸಾತು’ ಅನ್ನೋದು ರೋಗದ ಹೆಸರಲ್ಲ.